ಕೆರೆಗೆ ಬಂದ ಸಮುದ್ರದ ಹಲಗೆ

ನನ್ನ ಗಂಡನ ಮನೆಯ ಹಿತ್ತಿಲಲ್ಲಿ ನಿಂತರೆ ನನ್ನ ತವರುಮನೆ ಕಾಣುತ್ತಿತ್ತು. ನಡುವೆ ಒಂದು ಕೆರೆ. ಕೆರೆ ಅನ್ನುವುದು ಹೆಸರಿಗೆ. ನಾನು ಮದುವೆಯಾಗಿ ಬಂದಾಗಿನಿಂದ ಅದರಲ್ಲಿ ಎಮ್ಮೆ ಮುಳುಗುವಷ್ಟು ನೀರನ್ನು ಕಂಡವಳಲ್ಲ. ಕೆರೆಯಂಗಳದ ತುಂಬ ಜಾಲಿ ಬೆಳೆದು, ಜಾಲಿಯ ನಡುವೆ ಒಂದು ಕಾಲುದಾರಿ ಬಿದ್ದಿತ್ತು. ಅದರಲ್ಲಿ ನಡೆದು ತವರಿಗೆ ಹೋಗಿ, ಒಂದು ಲೋಟ ಮಜ್ಜಿಗೆ ಕುಡಿದು, ದೀಪ ಹಚ್ಚುವುದರೊಳಗೆ ವಾಪಸು ಬರುತ್ತಿದ್ದೆ. ಹಾಗೆ ಹೋಗಿಬಂದದ್ದನ್ನು ತವರಿಗೆ ಹೋದದ್ದು ಅಂತ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬೇರೆ ಸೊಸೆಯಂದಿರು ಟ್ರಂಕು ಹೊರಿಸಿಕೊಂಡು, ಬಸ್ಸು ಹತ್ತಿ, ಹೋಗುವಾಗ ನಗುತ್ತ ಬರುವಾಗ ಅಳುತ್ತ, ವಾರಗಟ್ಟಲೆ ಇದ್ದು ಬರುತ್ತಿದ್ದರು. "ನಿನಗೇನಮ್ಮ, ಕೂಗಿದ್ರೆ ಓ ಅಂತಾರೆ" ಎಂದು ನನ್ನ ಅತ್ತೆ ಹತ್ತು ಜನರ ಮುಂದೆ ಹೇಳುತ್ತಿದ್ದರು. ಕೂಗಿ ನೋಡಿದ್ದೇನೆ. ಯಾರೂ ಓ ಅಂದದ್ದಿಲ್ಲ.

ಎಂಬತ್ತರ ಈಚಿನ ಮಾತು ಇದು. ಒಂದು ವರ್ಷ ಹಿಂಗಾರು ಹಿಡಿದದ್ದು ಬಿಡಲೇ ಇಲ್ಲ. ದೀಪಾವಳಿ ಹೊತ್ತಿಗೆ ಕೆರೆ ತುಂಬಿ ಕೋಡಿ ಬಿತ್ತು. ಕೋಡಿಯ ನೀರು ಕೆರೆಯೇರಿಯ ಪಕ್ಕದ ಗಾಡಿದಾರಿಯನ್ನೂ ಕೊಚ್ಚಿಕೊಂಡು ಹೋಯಿತು. ಊರಿಗೆ ಊರೇ ಗಂಗಮ್ಮನಿಗೆ ಬಾಗಿನ ಬಿಟ್ಟಿತು. ಇನ್ನು ತೆಂಗಿನ ತೋಟಕ್ಕೆ ಎಷ್ಟೋ ವರ್ಷ ಯೋಚನೆಯಿಲ್ಲ ಎಂದು ಗಂಡಸರು ಮೀಸೆ ತಿರುವಿದರು, ಮಳೆಯನ್ನು ತಾವೇ ಹೊತ್ತು ತಂದವರ ಹಾಗೆ. ನಾನೂ ಅರಿಸಿನ ಕುಂಕುಮ ಹಾಕಿ ಕೈಮುಗಿದೆ. ತುಂಬಿದ ನೀರನ್ನು ಬೈಯಬಾರದು, ಬೈಯಲಿಲ್ಲ. ಸ್ವಲ್ಪ ಮುಖ ಊದಿಸಿಕೊಂಡು ಕೈಮುಗಿದೆ, ಅಷ್ಟೆ. ಯಾಕೆಂದರೆ ಆಚೆ ದಡದಲ್ಲಿ ನನ್ನ ತಂಗಿ ಚೊಚ್ಚಲ ಹೆರಿಗೆಗೆ ಬಂದು ಕೂತಿದ್ದಳು.

ನಮ್ಮವ್ವ ತೀರಿಹೋಗಿ ಕೆಲವು ವರ್ಷವಾಗಿತ್ತು. ಮನೆಯಲ್ಲಿ ಅಣ್ಣ ಇದ್ದ, ಅಣ್ಣನ ಹೆಂಡತಿ ಇದ್ದಳು. ಅವಳು ಒಳ್ಳೆಯವಳೇ. ಆದರೆ ಬೆರಳು ಕುಯ್ದುಕೊಂಡರೆ ಕುಯ್ದುಕೊಂಡವರಿಗಿಂತ ಮೊದಲು ಅವಳೇ ತಲೆತಿರುಗಿ ಬೀಳುತ್ತಿದ್ದಳು. ಮಳೆಗೆ ಮುಂಚೆ ನಾನು ಹೋಗಿದ್ದಾಗ ತಂಗಿ ನನ್ನ ಸೆರಗು ಹಿಡಿದು, "ಅಕ್ಕ, ನಂಗೆ ಭಯ ಕಣೇ. ಆ ಹೊತ್ತಿಗೆ ನೀನು ಬಂದು ಕೈ ಹಿಡ್ಕೊಂಡಿರಬೇಕು" ಎಂದಿದ್ದಳು. "ನಾನೇನು ಕಾಶಿಗೆ ಹೋಗಿದೀನಾ? ಇಲ್ಲೇ ಇದೀನಲ್ಲ" ಎಂದು ಮಾತು ಕೊಟ್ಟು ಬಂದಿದ್ದೆ. ಈಗ ಕಾಶಿಗೇ ಹೋಗಿದ್ದರೆ ಬರುವುದು ಸುಲಭವಿತ್ತು. ರೈಲಾದರೂ ಇರುತ್ತಿತ್ತು.

ಅಣ್ಣ ಸುತ್ತು ಬಳಸಿ ಬಸ್ಸಿನಲ್ಲಿ ಬಂದು ಕರೆದ. ಶೆಟ್ಟಿಕೆರೆ ಮೇಲೆ ಚಿಕ್ಕನಾಯಕನಹಳ್ಳಿ, ಅಲ್ಲಿ ಕಾದು ಕೂತು ಹುಳಿಯಾರಿನ ಬಸ್ಸು, ನಡುವೆ ಇಳಿದು ಮತ್ತೆ ನಡಿಗೆ. ಹೋಗಲಿಕ್ಕೇ ಒಂದು ಹಗಲು ಬೇಕು. ಅತ್ತೆ ಅವನಿಗೆ ಕಾಫಿ ಕೊಟ್ಟು ಉಪಚಾರ ಮಾಡಿ ಹೇಳಿದರು: "ಕಣ್ಣಿಗೆ ಕಾಣೋ ತವರಿಗೆ ಯಾರಾದ್ರೂ ಬಸ್ ಚಾರ್ಜ್ ಕೊಟ್ಟು ಹೋಗ್ತಾರೇನಪ್ಪ? ನೋಡಿದೋರು ನಗಾಕಿಲ್ವಾ? ಅಲ್ದೆ ಈಗ ಅಟ್ಟದಿಂದ ಕಾಯಿ ಇಳಿಸೋ ಕಾಲ. ಆಳುಗಳಿಗೆ ಅಡುಗೆ ಮಾಡಿ ಬಡಿಸೋರು ಯಾರು? ಬೆಳಿಗ್ಗೆ ಹೋಗಿ ಸಂಜೆಗೆ ಬರೋ ಹಂಗಿದ್ರೆ ಧಾರಾಳವಾಗಿ ಹೋಗ್ಲಿ. ನಾನೇನು ಕಟ್ಟಿಹಾಕಿದೀನಾ?"

ಕಟ್ಟಿಹಾಕಿರಲಿಲ್ಲ, ನಿಜ. ಸುತ್ತ ನೀರು ನಿಂತ ಮೇಲೆ ಹಗ್ಗ ಯಾಕೆ?

ನಮ್ಮೆಜಮಾನರು ಆ ಮಾತುಕತೆ ನಡೆಯುವಾಗ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಅವರು ಮಾತು ಕಡಿಮೆಯ ಮನುಷ್ಯ. ಅವ್ವ ಮಾತಾಡುವಾಗ ಇನ್ನೂ ಕಡಿಮೆ.

ಇಂಥ ಹೊತ್ತಿನಲ್ಲಿ ನನ್ನ ಮೈದುನ ಮಂಗಳೂರಿನಿಂದ ಬಂದ. ಅಲ್ಲಿ ಯಾವುದೋ ಆಫೀಸಿನಲ್ಲಿ ಗುಮಾಸ್ತನಾಗಿದ್ದ, ಸಮುದ್ರದ ಹತ್ತಿರ ರೂಮು ಮಾಡಿಕೊಂಡಿದ್ದ. ರಜೆಗೆ ಬರುವಾಗ ಬೇರೆಯವರು ಸೀರೆಯನ್ನೋ ಗೋಡಂಬಿಯನ್ನೋ ತರುತ್ತಾರೆ. ಇವನು ಬಸ್ಸಿನ ಮೇಲೆ ಹಗ್ಗ ಬಿಗಿದು ಒಂದು ಹಲಗೆ ತಂದ. ಬಾಗಿಲಿನಷ್ಟು ಉದ್ದ, ಎರಡು ಕಡೆಯೂ ಚೂಪು, ಬೆಳ್ಳಗೆ ಹೊಳೆಯುವ ಹಲಗೆ. ಅಡಿಯಲ್ಲಿ ಮೀನಿನ ರೆಕ್ಕೆಯಂಥದ್ದು ಒಂದು. ಜಗಲಿಯ ಮೇಲೆ ಉದ್ದಕ್ಕೆ ಇಟ್ಟ. ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಬಂದು ನೋಡಿದರು.

"ಯಾರನ್ನ ಮಲಗಿಸಾಕೋ ಇದು? ನಾನಿನ್ನೂ ಗಟ್ಟಿಯಾಗಿದೀನಿ ಕಣೋ."

"ಅಯ್ಯೋ ಅವ್ವ, ಇದರ ಮೇಲೆ ನಿಂತು ಸಮುದ್ರದ ಅಲೆ ಮೇಲೆ ಜಾರ್ತಾರೆ. ಫಾರಿನ್ ಮಾಲು. ಒಬ್ಬ ಬಿಳಿಯ ನನ್ನ ಪಕ್ಕದ ರೂಮಿನಲ್ಲಿದ್ದ, ಊರಿಗೆ ಹೋಗುವಾಗ ನಂಗೇ ಕೊಟ್ಟು ಹೋದ."

"ಯಾಕೆ ಕೊಟ್ಟ?"

"ಬಾಲದ ಹತ್ರ ಒಂಚೂರು ಬಿರುಕು ಬಿಟ್ಟಿತ್ತು, ಅದಕ್ಕೆ."

ಬಿರುಕು ಬಿಟ್ಟದ್ದನ್ನು ದಾನ ಕೊಡುವ ಪದ್ಧತಿ ಎಲ್ಲ ದೇಶದಲ್ಲೂ ಇದೆ ಅಂತ ನನಗೆ ಅವತ್ತು ಗೊತ್ತಾಯಿತು. ನಮ್ಮೂರಲ್ಲಿ ಹಾಲು ಬತ್ತಿದ ಹಸುವನ್ನು ಮಠಕ್ಕೆ ಬಿಡುವ ಹಾಗೆ.

ಮೈದುನ ಅದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ. ನಾನೂ ಎತ್ತಿದೆ, ಮೊರದಷ್ಟು ಹಗುರ. ಒಳಗೆ ಥರ್ಮೋಕೋಲಂತೆ, ಅದರ ಮೇಲೆ ಗಾಜಿನ ನಾರಿನಿಂದ ನೇಯ್ದ ಬಟ್ಟೆ ಸುತ್ತಿ, ರಾಳದಂಥ ಅಂಟು ಬಳಿದು ಒಣಗಿಸಿರುತ್ತಾರಂತೆ. "ಕಬ್ಬಿಣಕ್ಕಿಂತ ಗಟ್ಟಿ, ಹೂವಿಗಿಂತ ಹಗುರ" ಎಂದ. ಅತ್ತೆ, "ಗಾಜಿನ ಬಟ್ಟೆ ಉಟ್ಟದ್ದು ಎಷ್ಟು ದಿನ ಮಾನ ಉಳಿಸಿಕೊಳ್ತದೆ ನೋಡಾಣ" ಎಂದು ಒಳಗೆ ಹೋದರು. ನನ್ನ ಅತ್ತೆಯ ಬಾಯಿ ಅಂಥದ್ದು. ಎಷ್ಟೋ ಸಲ ಆ ಬಾಯಿ ನನ್ನ ಮೇಲೆ ಬೀಳದೆ ಬೇರೆಯವರ ಮೇಲೆ ಬಿದ್ದದ್ದೇ ಶಿವನ ದಯೆ ಎಂದುಕೊಂಡಿದ್ದೇನೆ.

ನಾನು ಮಾತ್ರ ಹಲಗೆಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದೆ. ಮೈದುನನಿಗೆ ಅರ್ಥವಾಯಿತು. "ಅತ್ತಿಗೆ, ನೀವೇನೂ ಯೋಚನೆ ಮಾಡಬೇಡಿ. ನಾಳಿದ್ದು ನಿಮ್ಮನ್ನ ಇದರ ಮೇಲೆ ಕೂರಿಸಿ ಆಚೆ ದಡಕ್ಕೆ ಬಿಟ್ಟು, ಸಂಜೆ ವಾಪಸು ಕರ್ಕೊಂಡು ಬತ್ತೀನಿ. ಅವ್ವನ ರೂಲ್ಸಿಗೂ ಸರಿಹೋಯ್ತು."

"ಬಾಳೆದಿಂಡಿನ ತೆಪ್ಪ ಕಟ್ಟಿದ್ರೆ ಇವತ್ತೇ ಹೋಗಬಹುದಲ್ವೇನಪ್ಪ?" ಎಂದೆ. ಕೆರೆ ಒಣಗಿದ್ದ ಇಷ್ಟು ವರ್ಷದಲ್ಲಿ ಊರಿನ ಹರಿಗೋಲಿನ ಚರ್ಮವನ್ನು ಇಲಿ ತಿಂದು ಮುಗಿಸಿತ್ತು, ಅದಕ್ಕೆ ಕೇಳಿದ್ದು.

ಅವನು ನಕ್ಕುಬಿಟ್ಟ. "ಏನತ್ತಿಗೆ, ಇಂಥ ಮಾಲು ಮನೇಲಿಟ್ಕೊಂಡು ಬಾಳೆದಿಂಡಾ?"

ನಾಳಿದ್ದು ಅನ್ನುವುದು ಯಾಕೆಂದರೆ ನಾಳೆ ಅದನ್ನು ಪರೀಕ್ಷೆ ಮಾಡಬೇಕಿತ್ತಂತೆ. ಪರೀಕ್ಷೆಗೆ ಊರಿನ ಎಲ್ಲ ಹೈಕಳೂ ಬಂದವು. ಹೊಟ್ಟೆ ಮೇಲೆ ಮಲಗಿ ಎರಡು ಕೈಯಲ್ಲಿ ನೀರು ಎಳೆದುಕೊಂಡು ಮೈದುನ ಕೆರೆಯ ನಡುವಿನ ತನಕ ಹೋಗಿಬಂದ. ನಿಜವಾಗಿ ಚೆನ್ನಾಗಿಯೇ ಹೋಯಿತು, ಸುಳ್ಳು ಯಾಕೆ ಹೇಳಲಿ. ನಾನು ಒಗೆಯುವ ಬಟ್ಟೆ ಬಿಟ್ಟು ಎದ್ದು ನಿಂತು ನೋಡಿದೆ. ಆಮೇಲೆ ಬೇಡಿದವರಿಗೆಲ್ಲ ಒಂದೊಂದು ಸುತ್ತು ಕೊಟ್ಟ. ದಾನಶೂರ. ಇಬ್ಬಿಬ್ಬರು ಕೂತರು. ಒಬ್ಬ ಎದ್ದು ನಿಂತ, ಬಿದ್ದ. ದಡದ ಕಲ್ಲಿನ ಮೇಲೆ ನೇಗಿಲೆಳೆದಂತೆ ಎಳೆದಾಡಿದರು. ಕಡೆಗೆ ನಮ್ಮ ದಾಯಾದಿಗಳ ಹುಡುಗನೊಬ್ಬ ಬಿರುಸಿನಿಂದ ಹೋಗಿ ನೀರಿನಡಿಯ ಜಾಲಿಗೆ ಗುದ್ದಿದ.

ಸಮುದ್ರದಲ್ಲಿ ಜಾಲಿಮರ ಇರುವುದಿಲ್ಲವಷ್ಟೆ. ಆ ಬಿಳಿಯರಿಗೆ ಅದು ತಲೆಗೆ ಹೊಳೆದಿರಲಿಕ್ಕಿಲ್ಲ. ನಮ್ಮ ಕೆರೆಯಲ್ಲಾದರೋ ನೀರಿಗಿಂತ ಜಾಲಿ ಹಳೆಯದು. ಮೀನಿನ ರೆಕ್ಕೆ ಮುರಿದು ಅಲ್ಲೇ ಉಳಿಯಿತು. ಹೊಟ್ಟೆಯ ಕೆಳಗೆ ಅಂಗೈ ಅಗಲ ತೂತು. ಮುಳ್ಳು ಚುಚ್ಚಿದ ಜಾಗಗಳು ಬೇರೆ, ಸಿಡುಬು ಬಂದು ಹೋದ ಮುಖದ ಹಾಗೆ. ಮನೆಗೆ ತರುವಾಗ ಒಂದೇ ಕೈಯಲ್ಲಿ ಎತ್ತಲು ಆಗಲಿಲ್ಲ. ಇಬ್ಬರು ಹೊತ್ತು ತಂದರು. ನೀರು ಕುಡಿದುಬಿಟ್ಟಿತ್ತು.

ಇನ್ನು ರಿಪೇರಿಯ ಕಥೆ. ಮೊದಲು ಸೈಕಲ್ ಶಾಪಿನ ಪಂಕ್ಚರ್ ಸೊಲ್ಯೂಶನ್ ತಂದು, ಟ್ಯೂಬಿನ ತುಂಡು ಅಂಟಿಸಿದ. ಸಂಜೆಗೆ ಅದು ಬಾಡಿದ ವೀಳ್ಯದೆಲೆಯಂತೆ ಸುರುಳಿಯಾಗಿ ಬಿದ್ದಿತ್ತು. ಒಳಗೆ ನೀರಿರುವಾಗ ಯಾವುದೂ ಅಂಟುವುದಿಲ್ಲ, ಮೊದಲು ಒಣಗಿಸಬೇಕು ಎಂದು ಯಾರೋ ಹೇಳಿದರು. ಒಣಗಿಸುವುದು ಅಂದದ್ದೇ ತಡ, ಊರಿಗೇ ಉತ್ಸಾಹ ಬಂತು. ಯಾಕೆಂದರೆ ನಮ್ಮ ಕಡೆಯವರಿಗೆ ಬರುವ ವಿದ್ಯೆಯೇ ಅದು. ತೆಂಗಿನಕಾಯನ್ನು ಮೇಲಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಗುಳುಗುಳು ಅಂದರೆ ಇನ್ನೂ ಕಾಯಬೇಕು.

ಹಾಗಾಗಿ ಬಂದವರೆಲ್ಲ ಹಲಗೆಯನ್ನು ಅಲ್ಲಾಡಿಸಿ ಕಿವಿಯಿಟ್ಟು ಕೇಳಿದರು. ಕೊಬ್ಬರಿ ದಲ್ಲಾಳಿಯೊಬ್ಬರು ಬೆರಳ ಗೆಣ್ಣಿನಿಂದ ಟಕಟಕ ತಟ್ಟಿ, ಕಣ್ಣು ಮುಚ್ಚಿ, "ಎಳಸು. ಇನ್ನೂ ನೀರೈತೆ" ಎಂದು ತೀರ್ಪು ಕೊಟ್ಟರು. ಯಾವ ತೋಟದ ಮಾಲು ಅಂತ ಕೇಳುವುದೊಂದು ಬಾಕಿ.

"ಅಟ್ಟಕ್ಕೆ ಹಾಕು" ಎಂದರು ಅತ್ತೆ.

"ಅಷ್ಟು ದಿನ ಎಲ್ಲಿ ಐತವ್ವ? ಅತ್ತಿಗೆ ತಂಗಿಗೆ ದಿನ ತುಂಬೈತೆ."

"ಬಚ್ಚಲೊಲೆ ಮೇಲಿನ ಅಟ್ಟಕ್ಕೆ ಹಾಕು. ಕೆಳಗೆ ಮಟ್ಟೆ ಉರಿ ಹಾಕಿದ್ರೆ ಎರಡೇ ದಿನಕ್ಕೆ ಒಣಗ್ತದೆ. ನಾನು ಎಷ್ಟು ಕಾಯಿ ಒಣಗಿಸಿಲ್ಲ!"

ಹಾಕಿದರು. ಉರಿ ಹಾಕುವ ಕೆಲಸ ನನಗೇ ಬಂತು, ಬೇರೆ ಯಾರಿಗೆ ಬರುತ್ತದೆ. ಎರಡು ಹೊತ್ತೂ ಮಟ್ಟೆ ತುಂಬಿದೆ. ಹೊಗೆಯಲ್ಲಿ ಕಣ್ಣೊರೆಸಿಕೊಂಡು, ಶಿವನೇ, ಇದೊಂದು ಒಣಗಿಸಿಕೊಡು, ಕಾರ್ತಿಕ ಸೋಮವಾರ ನೂರೊಂದು ದೀಪ ಹಚ್ಚುತ್ತೇನೆ ಎಂದು ಬೇಡಿಕೊಂಡೆ. ಶಿವ ಕೇಳಿಸಿಕೊಂಡಿರಬೇಕು. ಒಣಗಿಸುವುದನ್ನು ಮಾತ್ರ ಬೇಡಿದ್ದೆನಲ್ಲ, ಅಷ್ಟನ್ನೇ ಕೊಟ್ಟ. ಇಳಿಸಿ ನೋಡಿದರೆ ಹಲಗೆ ಒಣಗಿತ್ತು, ಆದರೆ ಕಾವಿಗೆ ಮೇಲಿನ ಗಾಜಿನ ಪದರ ಒಳಗಿನ ಥರ್ಮೋಕೋಲಿನಿಂದ ಬಿಟ್ಟುಕೊಂಡು ಪೂರಿಯ ಹಾಗೆ ಉಬ್ಬಿತ್ತು. ಒಂದಲ್ಲ, ತಲೆಯಿಂದ ಬಾಲದ ತನಕ ನಾಲ್ಕೈದು ಪೂರಿ. ಹೊಗೆಗೆ ಬಣ್ಣವೂ ಚೆನ್ನಾಗಿ ಬಂದಿತ್ತು.

ದಲ್ಲಾಳಿ ಮತ್ತೆ ತಟ್ಟಿದರು. ಡಬಡಬ ಅಂದಿತು. "ಈಗ ನೋಡಿ, ಚಿಪ್ಪು ಬಿಟ್ಟೈತೆ!" ಎಂದು ಸಂತೋಷಪಟ್ಟರು. ಕೊಬ್ಬರಿಗೆ ಚಿಪ್ಪು ಬಿಟ್ಟರೆ ಸಂತೋಷ. ಇದಕ್ಕೆ ಚಿಪ್ಪು ಬಿಟ್ಟದ್ದೇ ರೋಗ ಅಂತ ಮೈದುನ ತಲೆ ಮೇಲೆ ಕೈ ಹೊತ್ತು ಕೂತ. ಅತ್ತೆ ಮಾತ್ರ ತಪ್ಪು ಒಪ್ಪುವವರಲ್ಲ. "ನಮ್ಮ ಕಾಯಿ ಯಾವುದೂ ಹಿಂಗೆ ಉಬ್ಬಿಲ್ಲಪ್ಪ. ಅದರ ಜಾತಿಯೇ ಸರಿ ಇಲ್ಲ" ಎಂದರು.

ಆ ದಿನವೇ ಮಧ್ಯಾಹ್ನ ಬಸ್ಸಿನ ಕಂಡಕ್ಟರು ಅಣ್ಣ ಹೇಳಿಕಳಿಸಿದ ಸುದ್ದಿ ಕೊಟ್ಟ. ಸೂಲಗಿತ್ತಿ ಬಂದು ನೋಡಿ, ಹೊಟ್ಟೆ ಇಳಿದಿದೆ, ಇನ್ನು ಇವತ್ತೋ ನಾಳೆಯೋ ಅನ್ನುವ ಹಾಗಿದೆ ಎಂದಿದ್ದಾಳಂತೆ. ತಂಗಿ ದಿನಾ ಹಿತ್ತಿಲ ಗೋಡೆ ಹಿಡಿದು ನಿಂತು ಈ ಕಡೆ ನೋಡುತ್ತಾಳಂತೆ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಅತ್ತೆಯ ಹತ್ತಿರ ಹೋದೆ. "ಅತ್ತೆ, ನಾಳೆ ಬಸ್ಸಿಗೆ ಹೋಗ್ತೀನಿ" ಎಂದೆ. ಅವರು ಮಟ್ಟೆ ಸುಲಿಯುವ ಆಳುಗಳ ಕಡೆ ಕೈ ತೋರಿಸಿ, "ಇವತ್ತು ಎಂಟು ಜನ, ನಾಳೆ ಹನ್ನೆರಡು ಜನ. ಬಡಿಸೋರು ಯಾರು, ನೀನೇ ಹೇಳು" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿ ಕೇಳಿದರು. ಆ ಮನೆಯಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ, ಮಡದಿಯನ್ನು ಹೊಡೆಯುವ ಗಂಡ ಇರಲಿಲ್ಲ, ಇಷ್ಟಲಿಂಗ ಪೂಜೆಗೆ ಬೇಕಾದಷ್ಟು ಹೊತ್ತು ಬಿಡುತ್ತಿದ್ದರು. ಇಷ್ಟೆಲ್ಲ ಕೊಟ್ಟ ದೇವರ ಹತ್ತಿರ ಇನ್ನೊಂದು ಕೇಳಲು ನಾಚಿಕೆ. ಆದರೂ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ನಾನು ಅತ್ತದ್ದನ್ನು ಯಾರು ನೋಡಿದರೋ, ಮೈದುನ ಬಸ್ಸು ಹತ್ತಿ ತಿಪಟೂರಿಗೆ ಹೋಗಿ, ಬಸ್ ಬಾಡಿ ಕಟ್ಟುವ ಶೆಡ್ಡೊಂದರಿಂದ ಫೈಬರ್ ಕೆಲಸದವನನ್ನು ಹಿಡಿದುಕೊಂಡು ಬಂದ. ಲಾರಿಯ ಮುಂಭಾಗ, ಟೆಂಪೋ ಟಾಪು ಎಲ್ಲ ರಿಪೇರಿ ಮಾಡುವವನಂತೆ. ಮೊಪೆಡ್ಡಿನ ಹಿಂದೆ ಎರಡು ಡಬ್ಬ ಕಟ್ಟಿಕೊಂಡು, ತಂಪು ಕನ್ನಡಕ ಹಾಕಿಕೊಂಡು, ಡಾಕ್ಟರು ಬಂದ ಹಾಗೆ ಬಂದ. ಹಲಗೆಯ ಮೇಲೆ ಕೈಯಾಡಿಸಿ, "ಇದೇನ್ ಸಾರ್, ಅರ್ಧ ಗಂಟೆ ಕೆಲಸ" ಎಂದ. ಕಾಫಿ ಕೊಟ್ಟೆ. ತಿಂಡಿಯನ್ನೂ ಕೊಟ್ಟೆ. ನನ್ನ ತಂಗಿಯ ಹೆರಿಗೆ ಅವನ ಕೈಯಲ್ಲಿದೆ ಅನ್ನುವ ಹಾಗೆ ಬಿಸಿಬಿಸಿ ದೋಸೆ ಹಾಕಿಕೊಟ್ಟೆ.

ಉಬ್ಬಿದ ಪೂರಿಗಳನ್ನು ಅವನು ಬ್ಲೇಡಿನಿಂದ ಕುಯ್ದ. ಒಂದು ಮಗ್ಗಿನಲ್ಲಿ ಜೇನುತುಪ್ಪದಂಥ ಅಂಟು ಸುರಿದು, ಅದಕ್ಕೆ ಇನ್ನೊಂದು ಸೀಸೆಯಿಂದ ನಾಲ್ಕು ತೊಟ್ಟು ಬಿಟ್ಟು ಕಲಕಿದ. ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ. ವಾಸನೆ ಎಂದರೆ, ಕೊಟ್ಟಿಗೆಯ ಹಸು ಮೂಗು ಎತ್ತಿ ಬುಸುಗುಟ್ಟಿತು. "ಹೆಪ್ಪು ಹೆಚ್ಚಾದ್ರೆ ಮಗ್ಗಲ್ಲೇ ಕಲ್ಲಾಗ್ಬುಡ್ತದೆ ಅಕ್ಕೋರೆ, ಕಮ್ಮಿಯಾದ್ರೆ ವಾರವಾದ್ರೂ ಅಂಟಂಟು" ಎಂದು ನನಗೆ ಪಾಠ ಹೇಳಿದ. ನಾನು ತಲೆದೂಗಿದೆ. ತೂತಿನೊಳಗೆ ಅಂಟು ಸುರಿದ.

ಸುರಿದದ್ದು ಒಳಗೆ ಹೋಯಿತು. ಇನ್ನಷ್ಟು ಸುರಿದ. ಅದೂ ಹೋಯಿತು. ಸರ್ರ್ ಎಂದು ಸಣ್ಣ ಸದ್ದು. ಬೆರಳು ಹಾಕಿ ನೋಡಿದರೆ ಒಳಗಿನ ಥರ್ಮೋಕೋಲು ಬಿಸಿಬಾಣಲೆಗೆ ಬಿದ್ದ ಬೆಣ್ಣೆಯ ಹಾಗೆ ಕರಗಿ ಹೋಗುತ್ತಿದೆ! ಅವನು ಸುರಿದ ಅಂಟೇ ಅದನ್ನು ತಿನ್ನುತ್ತಿತ್ತು. ಮುಚ್ಚಲೆಂದು ಬಂದ ಮದ್ದು ರೋಗಿಯ ಹೊಟ್ಟೆಯನ್ನೇ ಬಗೆದುಹಾಕಿತು. ಅವನು ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ.

"ಸಾರ್, ಲಾರಿಯೊಳಗೆ ಥರ್ಮೋಕೋಲ್ ಇರಲ್ಲ ಸಾರ್."

"ಗೊತ್ತಿಲ್ಲದೆ ಯಾಕ್ ಸುರಿದ್ಯೋ!" ಎಂದು ಮೈದುನ ಎದ್ದ.

"ನೀವು ಹೇಳ್ಬೇಕಿತ್ತು ಸಾರ್ ಒಳಗೇನೈತೆ ಅಂತ. ಇದರ ಅಂಟೇ ಬೇರೆ ಇರ್ಬೇಕು. ಆ ಅಂಟು ನಮ್ಮ ಕಡೆ ಸಿಗಾಕಿಲ್ಲ."

ಇಬ್ಬರೂ ಒಂದು ಗಂಟೆ ಜಗಳವಾಡಿದರು. ನನಗೆ ಆ ಫೈಬರಿನವನ ಮೇಲೆ ಸಿಟ್ಟು ಬರಲಿಲ್ಲ. ನನ್ನ ಕೈಯ ದೋಸೆ ತಿಂದು, ನನ್ನ ಮುಖ ನೋಡಲಾರದೆ ಅವನೇ ಒದ್ದಾಡುತ್ತಿದ್ದ. ಹಲಗೆಯ ನಡುಭಾಗ ಪೂರ್ತಿ ಟೊಳ್ಳಾಗಿತ್ತು. ಹೊರಗೆ ಗಾಜಿನ ಚರ್ಮ, ಒಳಗೆ ಗಾಳಿ.

ಅಲ್ಲಿಯ ತನಕ ಕಂಬಕ್ಕೆ ಒರಗಿ ಕೂತಿದ್ದ ನಮ್ಮೆಜಮಾನರು ಆಗ ಎದ್ದರು. ಮಟ್ಟೆ ಸುಲಿದ ರಾಶಿಯ ಹತ್ತಿರ ಹೋಗಿ ಒಂದು ಕುಕ್ಕೆ ಒಣಮಟ್ಟೆ ತಂದು ಸುರಿದರು. "ಇದನ್ನ ತುಂಬು. ಮೇಲೆ ನಾರು ಹಾಸಿ ಆ ಅಂಟು ಬಳಿ. ಒಂದು ಸಲ ದಾಟಿದ್ರೆ ಸಾಕು" ಎಂದರು. ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಮದುವೆಯಾದ ಮೇಲೆ ಕೇಳಿರಲಿಲ್ಲ. ಅತ್ತೆಯೂ ತಿರುಗಿ ನೋಡಿದರು. ಮಟ್ಟೆ ತುಂಬಿ, ಗಾಜಿನ ಬಟ್ಟೆ ಸಾಲದ ಕಡೆ ತೆಂಗಿನ ನಾರನ್ನೇ ಹಾಸಿ, ಅಂಟು ಬಳಿದರು. ಹೊರಗೆ ಫಾರಿನ್ ಚರ್ಮ, ಒಳಗೆ ತಿಪಟೂರಿನ ಕರುಳು. ಒಣಗಿದ ಮೇಲೆ ನೋಡಿದರೆ ಸಮುದ್ರದ ಹಲಗೆ ಅಂತ ಹೇಳುವ ಹಾಗೇ ಇರಲಿಲ್ಲ. ಕೂದಲು ಬಿಟ್ಟ ಕುಂಬಳಕಾಯಿಯ ಹಾಗಿತ್ತು. ತೂಕವೋ, ಮೂರು ಜನ ಬೇಕಿತ್ತು. ಮೈದುನ ಮುಖ ಆ ಕಡೆ ತಿರುಗಿಸಿಕೊಂಡ. "ಇದರ ಮರ್ಯಾದೆಯೇ ಹೋಯ್ತು ಅಣ್ಣ" ಎಂದ. ಹಲಗೆಯ ಮರ್ಯಾದೆಗೆ ಅತ್ತವರನ್ನು ನಾನು ಅವತ್ತೇ ಕಂಡದ್ದು.

ಮರುದಿನ ಬೆಳಿಗ್ಗೆ ಆಳುಗಳಿಗೆ ರಾಗಿಮುದ್ದೆಗೆ ಎಸರಿಟ್ಟಿದ್ದೆ. ಕಂಡಕ್ಟರು ಬಸ್ಸು ನಿಲ್ಲಿಸಿ ಬಾಗಿಲಿಗೇ ಬಂದು ಕೂಗಿದ: "ಅಕ್ಕೋರೆ, ಹುಳಿಯಾರಿನ ಮೊದಲ ಬಸ್ಸಿನೋರು ಹೇಳಿದ್ರು, ನಿಮ್ಮ ತಂಗಿಗೆ ಬೆಳಗಿನ ಜಾವದಿಂದ ನೋವು ಶುರುವಾಗದೆಯಂತೆ!" ಆ ಬಸ್ಸು ತಿಪಟೂರಿಗೆ ಹೋಗುವುದು, ನನಗೆ ಬೇಕಾದದ್ದು ಆಗಲೇ ಹೋಗಿಯಾಗಿತ್ತು, ಮುಂದಿನದು ಮಧ್ಯಾಹ್ನಕ್ಕೆ. ನಾನು ಸೌಟು ಹಿಡಿದು ನಿಂತೇ ಇದ್ದೆ. ನಮ್ಮೆಜಮಾನರು ಅಂಗಿ ಬಿಚ್ಚಿ ಗೂಟಕ್ಕೆ ತೂಗುಹಾಕಿದರು.

"ಏಳೇ, ಹೊರಡು."

ಅತ್ತೆ ಬಾಗಿಲಿಗೆ ಬಂದರು. "ಎಸರು?" ಎಂದರು.

"ನೀನು ನೋಡ್ಕೋ ಅವ್ವ" ಎಂದರು ಇವರು. ಹಾಗೆ ಅವರು ಅಂದದ್ದು ಅದೇ ಮೊದಲು. ಅತ್ತೆ ನನ್ನ ಕೈಯಿಂದ ಸೌಟು ತೆಗೆದುಕೊಂಡರು. "ಸಂಜೆಗೆ ಬಂದುಬುಡಬೇಕು" ಎಂದು ಸೇರಿಸಿದರು, ಅದನ್ನು ಬಿಡಲಿಲ್ಲ. ಆದರೆ ಒಳಗೆ ಹೋಗಿ ಒಂದು ಹಿಡಿ ವಿಭೂತಿ ತಂದು ನನ್ನ ಹಣೆಗೆ ಬಳಿದದ್ದೂ ಅವರೇ.

ಹಲಗೆಯನ್ನು ನೀರಿಗೆ ಇಳಿಸಿದರು. ತೇಲಿತು. ಕಚ್ಚೆ ಕಟ್ಟಿ, ಬಾಣಂತಿಗೆಂದು ಕಟ್ಟಿದ ಕೊಬ್ಬರಿ ಬೆಲ್ಲದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಚಕ್ಕಳಮಕ್ಕಳ ಹಾಕಿ ನಡುವೆ ಕೂತೆ. ಕೊರಳಿನ ಲಿಂಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡೆ. ಮಟ್ಟೆಹಗ್ಗದ ಒಂದು ತುದಿಯನ್ನು ಹಲಗೆಗೆ ಬಿಗಿದು, ಇನ್ನೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ಇವರು ಮುಂದೆ ಈಜಿದರು. ತೋಟದ ಬಾವಿಗಳಲ್ಲಿ ಕಲಿತ ಈಜು, ಸದ್ದಿಲ್ಲದ ಈಜು. ಸದ್ದು ಮಾಡುವವರೆಲ್ಲ ದಡದಲ್ಲಿದ್ದರು. "ಬ್ಯಾಲೆನ್ಸ್ ಅತ್ತಿಗೆ, ಬ್ಯಾಲೆನ್ಸ್! ಮಂಡಿ ಬಗ್ಗಿಸಿ! ಅಲೆ ನೋಡ್ಕೊಂಡು!" ಎಂದು ಮೈದುನ ಕೂಗುತ್ತಿದ್ದ. ನಮ್ಮ ಕೆರೆಯಲ್ಲಿ ಅಲೆ ಅಂದರೆ ಎಮ್ಮೆ ಎದ್ದಾಗ ಬರುವುದು.

ಅರ್ಧ ದಾರಿಗೆ ಬಂದಿದ್ದೆವು. ನನ್ನ ಕೆಳಗಿನಿಂದ ಬುಸ್ ಬುಸ್ ಎಂದು ಗುಳ್ಳೆ ಏಳತೊಡಗಿತು.

"ರೀ, ಇದು ಉಸಿರಾಡ್ತಾ ಇದೆ ಕಣ್ರೀ."

"ಅದು ಬಿಟ್ರೆ ಬಿಡ್ಲಿ. ನೀನು ಬಿಗಿ ಹಿಡಿ."

"ನೀರು ಕುಡೀತಾ ಇದೆ."

"ಅದಕ್ಕೆ ಬಾಯಾರಿಕೆ. ಸುಮ್ನೆ ಕೂತ್ಕೋ."

ಹಲಗೆ ಮೆಲ್ಲಗೆ ತಗ್ಗಿತು. ನೀರು ಪಾದಕ್ಕೆ ಬಂತು, ಆಮೇಲೆ ತೊಡೆಗೆ. ಗಂಟನ್ನು ತಲೆಯ ಮೇಲೆ ಹೊತ್ತೆ. ಶಿವಶಿವಾ ಎನ್ನುತ್ತ ಕಣ್ಣು ಮುಚ್ಚಿದ್ದೆ. ಮುಳುಗುವ ಭಯವೇನೋ ಇತ್ತು. ಅದಕ್ಕಿಂತ ಹೆಚ್ಚಾಗಿ ಅಲ್ಲಿ ಅವಳು ನೋವಿನಲ್ಲಿ ಬಾಗಿಲ ಕಡೆ ನೋಡುತ್ತಿರುತ್ತಾಳೆ, ನಾನು ಹೀಗೆ ಉತ್ಸವಮೂರ್ತಿಯಂತೆ ಇಂಚಿಂಚು ಬರುತ್ತಿದ್ದೇನೆ ಅನ್ನುವ ಸಂಕಟ. ಕಣ್ಣು ಬಿಟ್ಟಾಗ ಅಣ್ಣ ಸೊಂಟಮಟ್ಟ ನೀರಿಗೆ ಇಳಿದು ಬರುತ್ತಿದ್ದ. ಹಲಗೆಯ ಮೂತಿಗೆ ಕೈಹಾಕಿ, "ಬಿಡಿ ಭಾವ, ನಾನು ಎಳ್ಕೋತೀನಿ" ಎಂದು ಜೋರಾಗಿ ಎಳೆದ.

ಮೂತಿ ಅವನ ಕೈಗೇ ಬಂತು. ಗಾಜಿನ ಚರ್ಮ ಬಾಳೆಹಣ್ಣಿನ ಸಿಪ್ಪೆಯಂತೆ ಉದ್ದಕ್ಕೂ ಸುಲಿದುಕೊಂಡು ಹೋಯಿತು. ಒಳಗಿದ್ದ ಮಟ್ಟೆಗಳೆಲ್ಲ ಒಂದೊಂದಾಗಿ ಹೊರಗೆ ಬಂದು ಕೆರೆಯಲ್ಲಿ ತೇಲಿಕೊಂಡು ಹೋದವು. ನಾನು ದಬಕ್ಕೆಂದು ನೀರಿಗೆ ಕೂತೆ. ಪುಣ್ಯಕ್ಕೆ ಅಲ್ಲಿ ಸೊಂಟದಷ್ಟೇ ನೀರಿತ್ತು. ಅಣ್ಣ ಕೈಯಲ್ಲಿ ಮೂತಿ ಹಿಡಿದುಕೊಂಡು, "ಏನ್ ಭಾವ ಇದು?" ಎಂದ. ಇವರು ಸೊಂಟದ ಹಗ್ಗ ಬಿಚ್ಚುತ್ತ, "ನಿಮ್ಮ ತಂಗಿ" ಎಂದರು.

ನಾನು ನಿಲ್ಲಲಿಲ್ಲ. ಒದ್ದೆ ಸೀರೆಯನ್ನು ಎತ್ತಿಕಟ್ಟಿ ಓಡಿದೆ. ಬಾಗಿಲಲ್ಲಿ ಅಣ್ಣನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು, ಯಾರೋ ಅವಳಿಗೆ ಗಾಳಿ ಬೀಸುತ್ತಿದ್ದರು. ಒಳಕೋಣೆಯಲ್ಲಿ ಸೂಲಗಿತ್ತಿ ತಂಗಿಯ ಸೊಂಟ ನೀವುತ್ತಿದ್ದಳು. ತಂಗಿ ನನ್ನನ್ನು ನೋಡಿ ಕೈ ಚಾಚಿದಳು. ಹಿಡಿದೆ. ಬಳೆ ಒಡೆದು ಹೋಗುವ ಹಾಗೆ ಹಿಂಡಿದಳು. ಅವಳು ಅವ್ವನನ್ನು ಕೂಗಿದಾಗಲೆಲ್ಲ ನಾನು ಓ ಎಂದೆ.

ಹೊತ್ತು ಇಳಿಯುವಾಗ ಮಗು ಆಯಿತು. ಹೆಣ್ಣು. ಗಟ್ಟಿ ಗಂಟಲು. ತಾಯಿ ಮಗು ಇಬ್ಬರೂ ಉಳಿದರು, ಅದಕ್ಕಿಂತ ದೊಡ್ಡದು ಏನು ಬೇಕು. ಇವರು ಅಣ್ಣನ ಪಂಚೆ ಉಟ್ಟುಕೊಂಡು, ಬಾಗಿಲಿಂದಲೇ ಮಗುವನ್ನು ನೋಡಿ, ಕಡೆಯ ಬಸ್ಸಿಗೆ ಹೊರಟರು. "ಅವ್ವನಿಗೆ ಏನು ಹೇಳ್ತೀರಿ?" ಎಂದು ಕೇಳಿದೆ. "ಹಲಗೆ ಮುರಿದುಹೋಯ್ತು ಅಂತೀನಿ. ಅದು ಇಲ್ದೆ ಹೆಂಗೆ ಬತ್ತೀಯ?" ಎಂದರು. ಅವರ ಮೀಸೆಯ ಕೆಳಗೆ ಏನೋ ಅಲ್ಲಾಡಿತು. ಮರುದಿನ ಮನೆ ಮುಟ್ಟಿದ ಕೂಡಲೇ ಮೈದುನ ಕೇಳಿದ ಮೊದಲ ಮಾತು "ಹಲಗೆ ಏನಾಯ್ತು?" ಅಂತಂತೆ. ಅತ್ತೆ ಮಾತ್ರ "ಎರಡು ಜೀವ ಆಯ್ತಾ?" ಅಂದರಂತೆ. ಅದನ್ನು ನಾನು ಅವರ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ.

ಇವರು ಹೋದ ಮೇಲೆ ನಾನು ಒಳಗೆ ಬಂದು ತಂಗಿಯ ಪಕ್ಕ ಕೂತೆ. ಮಗು ಅವಳ ಮಗ್ಗುಲಲ್ಲಿ ಮುಷ್ಟಿ ಬಿಗಿದುಕೊಂಡು ಮಲಗಿತ್ತು. ತಂಗಿ ಕಣ್ಣು ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಕ್ಕ, ನಿನ್ ಸೀರೆ ಯಾಕೆ ಒದ್ದೆ?"

ಆಗಲೇ ನನಗೂ ಗೊತ್ತಾದದ್ದು. ಬೆಳಿಗ್ಗೆಯಿಂದ ಅದೇ ಸೀರೆಯಲ್ಲಿದ್ದೆ. ಅಂಚಿಗೆಲ್ಲ ಆ ಅಂಟು ಮೆತ್ತಿಕೊಂಡು, ತೆಂಗಿನ ನಾರು ಹತ್ತಿಕೊಂಡು ಬಿಟ್ಟಿತ್ತು.

"ಹೋಗು, ನನ್ ಸೀರೆ ಉಟ್ಕೋ. ಶೀತ ಆಗ್ತದೆ. ನಾನೆಲ್ಲೂ ಹೋಗಲ್ಲ" ಎಂದಳು.

ನಾನು ಎದ್ದು ಗೂಟದ ಮೇಲಿದ್ದ ಅವಳ ಹಳೆಯ ನೂಲಿನ ಸೀರೆ ತೆಗೆದುಕೊಂಡೆ. "ನೀನೂ ಹೋಗಬೇಡ" ಎಂದು ಹಿಂದಿನಿಂದ ಅಂದಳು.

"ಹೋಗ್ಬೇಕಂದ್ರೂ ಹಲಗೆ ಇಲ್ಲ ಕಣೇ" ಎಂದು ಬಚ್ಚಲಿಗೆ ಹೋದೆ.